ಕಾವಲುಗಾರರ ದಾರಿಯಲ್ಲಿ ನೂರು ಕಿಲೋಮೀಟರ್

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಪ್ಪ ಎಂದು ನಮಗೆ ಸಮಾಜ ಪಾಠ ಮಾಡಿದ ಮೇಷ್ಟ್ರು ಫೋನ್ ಮಾಡಿದಾಗ ನನಗೆ ನಗು ಬಂತು. ಎಸ್ಸೆಸ್ಸೆಲ್ಸಿಯಲ್ಲಿ ಅವರ ವಿಷಯದಲ್ಲೇ ನನಗೆ ಎಲ್ಲಕ್ಕಿಂತ ಕಡಿಮೆ ಅಂಕ. ಬಿ.ಇ. ಮುಗಿಸಿ ಕಂಪ್ಯೂಟರ್ ಮುಂದೆ ಕೂತ ಮೇಲೆ ಇಸವಿಗಳ ಸಹವಾಸ ತಪ್ಪಿತೆಂದು ನೆಮ್ಮದಿಯಾಗಿದ್ದೆ. ಆದರೆ ಕಂಪನಿಯ ಕೆಲಸದ ಮೇಲೆ ಇಂಗ್ಲೆಂಡಿನಲ್ಲಿದ್ದಾಗ ಒಂದು ಮೇ ತಿಂಗಳಲ್ಲಿ ಏಳು ದಿನ ರಜೆ ಹಾಕಿ ಕಡಲಂಚಿನ ಕಾಲುದಾರಿಯೊಂದರಲ್ಲಿ ನಡೆದೆ. ಸಮುದ್ರ, ಹಕ್ಕಿ, ಹೂವು ನೋಡಲೆಂದೇ ಹೋದದ್ದು. ಆ ದಾರಿ ನನ್ನನ್ನು ನಮ್ಮ ಶಾಲೆಯ ಮೈದಾನದಿಂದ ಕಾಣುವ ಸೈನೈಡ್ ದಿಬ್ಬದವರೆಗೆ ಕರೆತಂದಿತು. ಅದನ್ನೇ ಬರೆಯುತ್ತಿದ್ದೇನೆ.

ದಾರಿಯ ಹೆಸರು ಸೌತ್ ವೆಸ್ಟ್ ಕೋಸ್ಟ್ ಪಾತ್. ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಮೈನ್‌ಹೆಡ್ ಎಂಬ ಊರಿನಿಂದ ಹೊರಟು, ಕಾರ್ನ್‌ವಾಲ್ ಪ್ರಾಂತ್ಯವನ್ನು ಸುತ್ತಿಕೊಂಡು ಪೂಲ್ ಬಂದರಿನ ಬಾಯಿಯವರೆಗೆ ಹೋಗುತ್ತದೆ. ಉದ್ದ 630 ಮೈಲಿ, ಅಂದರೆ ಸಾವಿರ ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ನಾನು ನಡೆದದ್ದು ಸೇಂಟ್ ಐವ್ಸ್‌ನಿಂದ ಲಿಜರ್ಡ್ ಭೂಶಿರದವರೆಗೆ, ಸುಮಾರು 100 ಕಿ.ಮೀ. ಮಾತ್ರ. ದಾರಿ ತೋರಿಸಲು ಕಂಬಗಳ ಮೇಲೆ ಓಕ್ ಮರದ ಕಾಯಿಯ ಚಿತ್ರ ಕೊರೆದಿರುತ್ತಾರೆ. ಅದನ್ನು ನೋಡಿಕೊಂಡು ಹೋದರೆ ದಾರಿ ತಪ್ಪುವುದಿಲ್ಲ. ಮಂಡಿ ಮಾತ್ರ ತಪ್ಪದೆ ನೋಯುತ್ತದೆ.

ಮೊದಲ ದಿನವೇ ನನ್ನನ್ನು ಕಾಡಿದ ಪ್ರಶ್ನೆಯೊಂದಿತ್ತು. ನಡೆಯುವವನಿಗೆ ಅನುಕೂಲವಾಗುವಂತೆ ಯಾರೂ ಈ ದಾರಿ ಮಾಡಿಲ್ಲ. ಸ್ವಲ್ಪ ಒಳಗೆ ಸಮತಟ್ಟಾದ ಹೊಲವಿದ್ದರೂ ದಾರಿ ಬಂಡೆಯ ತುದಿಯಲ್ಲೇ ಹೋಗುತ್ತದೆ, ಪ್ರತಿ ಕೊಲ್ಲಿಗೂ ಇಳಿಯುತ್ತದೆ, ಮತ್ತೆ ಏರುತ್ತದೆ. ಯಾಕೆ ಹೀಗೆ? ಉತ್ತರ ಇತಿಹಾಸದಲ್ಲಿದೆ. 18ನೇ ಶತಮಾನದಲ್ಲಿ ಅಲ್ಲಿ ಚಹಾ, ಬ್ರಾಂದಿ, ತಂಬಾಕುಗಳ ಮೇಲೆ ಭಾರೀ ಸುಂಕವಿತ್ತು. ಸುಂಕ ತಪ್ಪಿಸಲು ರಾತ್ರಿ ದೋಣಿಗಳಲ್ಲಿ ಸರಕು ಇಳಿಸುವುದು ಕರಾವಳಿಯ ಅರ್ಧ ಊರುಗಳ ಕಸುಬಾಗಿತ್ತು. ಇದನ್ನು ತಡೆಯಲು 1822ರಲ್ಲಿ ಕೋಸ್ಟ್‌ಗಾರ್ಡ್ ಎಂಬ ಕಾವಲು ಪಡೆ ಹುಟ್ಟಿತು. ಅದರ ಕಾವಲುಗಾರರು ಹಗಲಿರುಳು ನಡೆಯುತ್ತ ಪ್ರತಿ ಕೊಲ್ಲಿಯೊಳಗೂ ಇಣುಕಬೇಕಿತ್ತು. ಇಣುಕಬೇಕಾದರೆ ಅಂಚಿನಲ್ಲೇ ನಡೆಯಬೇಕು. ಕಳ್ಳರಿಗಾಗಿ ಸವೆಸಿದ ಆ ದಾರಿಯನ್ನೇ ಮುಂದೆ ಜೋಡಿಸಿ, 1973ರಿಂದ 1978ರ ನಡುವೆ ಹಂತ ಹಂತವಾಗಿ ಸಾರ್ವಜನಿಕರಿಗೆ ತೆರೆದರು.

ಪೆನ್‌ಜಾನ್ಸ್ ದಾಟಿದ ಮೇಲೆ ಪ್ರಷ್ಯಾ ಕೋವ್ ಎಂಬ ಪುಟ್ಟ ಕೊಲ್ಲಿ ಸಿಗುತ್ತದೆ. ಅಲ್ಲಿದ್ದ ಜಾನ್ ಕಾರ್ಟರ್ ಎಂಬ ಕಳ್ಳಸಾಗಣೆದಾರನ ಕಥೆಯನ್ನು ಆ ಕಡೆ ಎಲ್ಲರೂ ಹೇಳುತ್ತಾರೆ. ಅವನಿಲ್ಲದಾಗ ಅಧಿಕಾರಿಗಳು ಅವನ ಚಹಾ ಜಪ್ತಿ ಮಾಡಿ ಪೆನ್‌ಜಾನ್ಸಿನ ಸುಂಕದ ಮನೆಯಲ್ಲಿಟ್ಟರಂತೆ. ಗಿರಾಕಿಗೆ ಮಾತು ಕೊಟ್ಟಿದ್ದ ಕಾರ್ಟರ್ ರಾತ್ರಿ ಬೀಗ ಮುರಿದು ತನ್ನ ಚಹಾ ಮಾತ್ರ ಎತ್ತಿಕೊಂಡು ಹೋದ. ಬೆಳಿಗ್ಗೆ ಅಧಿಕಾರಿಗಳು ನೋಡಿ, ಬೇರೆಯವರ ಸರಕು ಮುಟ್ಟಿಲ್ಲ, ಹಾಗಾದರೆ ಬಂದವನು ಕಾರ್ಟರನೇ ಎಂದರಂತೆ.

ನೋಡಲು ಹೋದದ್ದನ್ನೂ ಹೇಳಬೇಕಲ್ಲ. ಮೇ ತಿಂಗಳಲ್ಲಿ ಬಂಡೆಗಳ ಮೇಲೆ ಥ್ರಿಫ್ಟ್ ಎಂಬ ಗುಲಾಬಿ ಬಣ್ಣದ ಹೂವು ದಿಂಬಿನಂತೆ ಹರಡಿರುತ್ತದೆ. ಗಾರ್ಸ್ ಎಂಬ ಮುಳ್ಳುಪೊದೆಯ ಹಳದಿ ಹೂವು ಬಿಸಿಲೇರಿದರೆ ಥೇಟ್ ತೆಂಗಿನಕಾಯಿಯ ವಾಸನೆ ಬೀರುತ್ತದೆ. ಮೊದಲ ಸಲ ಆ ವಾಸನೆ ಬಂದಾಗ ಯಾರೋ ಒಬ್ಬಟ್ಟಿಗೆ ಕಾಯಿ ತುರಿಯುತ್ತಿದ್ದಾರೆಂದು ಸುತ್ತ ನೋಡಿದೆ. ಜೆನರ್ ಊರಿಗೆ ಮುಂಚೆ, ತೀರದಿಂದ ಸ್ವಲ್ಪ ದೂರದ ಬಂಡೆಗಳ ಮೇಲೆ ಬೂದು ಬಣ್ಣದ ಸೀಲ್‌ಗಳು ಮಲಗಿದ್ದವು. ಊಟವಾದ ಮೇಲೆ ಜಗಲಿಯ ಮೇಲೆ ಒರಗಿದ ಹಿರಿಯರಂತೆ ಒಂದೊಂದು ಕಣ್ಣು ಮಾತ್ರ ತೆರೆಯುತ್ತಿದ್ದವು. ಗ್ಯಾನೆಟ್ ಹಕ್ಕಿಗಳು ಎತ್ತರದಿಂದ ರೆಕ್ಕೆ ಮಡಚಿ ಬಾಣದಂತೆ ನೀರಿಗೆ ಬೀಳುವುದನ್ನು ನೋಡುತ್ತ ಒಂದು ಗಂಟೆ ಕಳೆದೆ. ಲ್ಯಾಂಡ್ಸ್ ಎಂಡ್ ಬಹಳ ಪ್ರಸಿದ್ಧ ಜಾಗ, ಆದರೆ ಜಾತ್ರೆಯಂತೆ ಜನ. ಬೇಗ ದಾಟಿದೆ.

ಅದಕ್ಕೂ ಮುಂಚೆ, ಮೂರನೆಯ ದಿನ, ಪೆಂಡೀನ್ ಹತ್ತಿರ ಬಂದಾಗ ನಿಂತುಬಿಟ್ಟೆ. ಕಡಲಿನ ಮೇಲೆ ಬಂಡೆಗೆ ಅಂಟಿಕೊಂಡಂತೆ ಕಲ್ಲಿನ ಕಟ್ಟಡಗಳು, ಪಕ್ಕದಲ್ಲಿ ಎತ್ತರದ ಹೊಗೆಗೂಡು, ಸುತ್ತ ಹುಲ್ಲು ಹುಟ್ಟದ ಕೆಂಪು ನೆಲ. ಅವು ಲೆವಾಂಟ್ ಮತ್ತು ಬೊಟಾಲಕ್ ಗಣಿಗಳು. ತವರ, ತಾಮ್ರ ತೆಗೆಯುತ್ತಿದ್ದವು. ಲೆವಾಂಟ್‌ನ ಸುರಂಗಗಳು ಸಮುದ್ರದ ತಳದ ಕೆಳಗೆ ಒಂದು ಮೈಲಿಗೂ ಹೆಚ್ಚು ದೂರ ಹೋಗಿವೆ. ಕೆಲಸಗಾರರನ್ನು ಇಳಿಸಿ ಹತ್ತಿಸಲು ಅಲ್ಲಿ ಮ್ಯಾನ್ ಎಂಜಿನ್ ಎಂಬ ಯಂತ್ರವಿತ್ತು. ಮೇಲೆ ಕೆಳಗೆ ಚಲಿಸುವ ಉದ್ದನೆಯ ತೊಲೆ, ಅದಕ್ಕೆ ಮೆಟ್ಟಿಲುಗಳು. 1919ರ ಅಕ್ಟೋಬರ್ 20ರಂದು ಪಾಳಿ ಮುಗಿಸಿ ಜನ ಮೇಲೆ ಬರುತ್ತಿದ್ದಾಗ ತೊಲೆಯ ಕೊಂಡಿ ಮುರಿದು 31 ಮಂದಿ ಸತ್ತರು. ಆ ಫಲಕ ಓದುವಾಗ ನನಗೆ ಅಪ್ಪ ನೆನಪಾದರು.

ನಮ್ಮ ಶಾಲೆಯಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಅನೇಕರ ಮನೆಯಿಂದ ಒಬ್ಬರಾದರೂ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹಿಡಿದು ಕೆ.ಜಿ.ಎಫ್. ಗಣಿಗೆ ಹೋಗುತ್ತಿದ್ದರು. ತಾತ ಹೋದರು, ಅಪ್ಪ ಹೋದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ನಾನು ಎಂಟನೇ ತರಗತಿ. ಅಂದು ಅಪ್ಪ ಟಿಫನ್ ಕ್ಯಾರಿಯರ್ ತೊಳೆದು ಒರೆಸಿ ಅಟ್ಟದ ಮೇಲಿಟ್ಟರು. ಆಮೇಲೆ ಬೆಂಗಳೂರಿಗೆ ರೈಲಿನಲ್ಲಿ ಓಡಾಡಿ ಸೆಕ್ಯುರಿಟಿ ಕೆಲಸ ಮಾಡಿ ನನ್ನನ್ನು ಬಿ.ಇ. ಓದಿಸಿದರು. ಗಣಿಯ ಒಂದು ಮಾತನ್ನೂ ಆಡಲಿಲ್ಲ.

ಲೆವಾಂಟ್‌ಗೂ ನಮ್ಮೂರಿಗೂ ಇರುವ ನಂಟು ನನಗೆ ಅಲ್ಲಿ ತಿಳಿಯಿತು. 1860ರ ದಶಕದಲ್ಲಿ ತಾಮ್ರದ ಬೆಲೆ ಕುಸಿದು ಕಾರ್ನ್‌ವಾಲ್‌ನ ಗಣಿಗಳು ಒಂದೊಂದಾಗಿ ಮುಚ್ಚಿದವು. ಗಟ್ಟಿ ಬಂಡೆ ಕೊರೆದು ಆಳಕ್ಕಿಳಿಯುವುದು, ನೀರು ಮೇಲೆತ್ತುವುದು ಆ ಜನರಿಗೆ ಕರಗತವಾದ ವಿದ್ಯೆ. ಆಸ್ಟ್ರೇಲಿಯಾ, ಅಮೆರಿಕ, ಮೆಕ್ಸಿಕೊ, ದಕ್ಷಿಣ ಆಫ್ರಿಕಾ ಎಂದು ಹೊಟ್ಟೆಪಾಡಿಗೆ ಚದುರಿದರು. ಭೂಮಿಯ ಮೇಲೆ ಎಲ್ಲಿ ಗುಂಡಿ ಕಂಡರೂ ಅದರ ತಳದಲ್ಲಿ ಒಬ್ಬ ಕಾರ್ನ್‌ವಾಲ್‌ನವನಿರುತ್ತಾನೆ ಎಂಬ ಗಾದೆಯೇ ಹುಟ್ಟಿತು. ಕಾರ್ನ್‌ವಾಲ್ ಕಡೆಯ ಗಣಿಗಳನ್ನು ನಡೆಸಿ ಪಳಗಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯೇ 1880ರ ಹೊತ್ತಿಗೆ ಕೋಲಾರದ ಚಿನ್ನದ ಗಣಿಗೆ ಕೈಹಾಕಿತು. ಜೊತೆಗೆ ಅಲ್ಲಿನ ಗಣಿಗಾರರೂ ಬಂದರು. ಈಗ ನಾವು ಆನ್‌ಸೈಟ್ ಎಂದು ಅಲ್ಲಿಗೆ ಹೋಗುತ್ತೇವೆ. ಅವರು ಆಗ ಆನ್‌ಸೈಟ್ ಬಂದದ್ದು ನಮ್ಮೂರಿಗೆ!

ಆದರೆ ಒಂದು ಮಾತು ಬಿಡಬಾರದು. ಬಂದವರಿಗೆ ಮೇಸ್ತ್ರಿಕೆ, ಬಂಗಲೆ. ಆಳದಲ್ಲಿ ಕಲ್ಲು ಒಡೆದವರು ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯಿಂದ ಮತ್ತು ನಮ್ಮ ಸುತ್ತಲಿನ ಹಳ್ಳಿಗಳಿಂದ ಹೋದವರು. ಅವರಲ್ಲಿ ಬಹಳ ಮಂದಿ ದಲಿತರು. ಅವರಿಗೆ ಸಿಕ್ಕದ್ದು ಲೈನ್ ಮನೆಯ ಒಂದೊಂದು ಕೋಣೆ. ಚಾಂಪಿಯನ್ ರೀಫ್ ಗಣಿಯನ್ನು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಒಯ್ದದ್ದು ಅವರ ತೋಳು.

ಲೆವಾಂಟ್ 1930ರಲ್ಲೇ ಮುಚ್ಚಿತು. ಅಲ್ಲಿನ 1840ರ ಆವಿ ಎಂಜಿನ್ನನ್ನು ಸ್ವಯಂಸೇವಕರು ತುಕ್ಕು ಕೆರೆದು ಮತ್ತೆ ಓಡುವಂತೆ ಮಾಡಿದ್ದಾರೆ. 2006ರಲ್ಲಿ ಈ ಗಣಿ ಪ್ರದೇಶಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹಳೆಯ ಬಾವಿಗಳಲ್ಲಿ ಕೆಲವಕ್ಕೆ ಮನುಷ್ಯ ಬೀಳದಂತೆ, ಆದರೆ ಬಾವಲಿಗಳು ಹೋಗಿ ಬರುವಂತೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಕುದುರೆ ಲಾಳದಂಥ ಮೂಗಿನ ಅಪರೂಪದ ಬಾವಲಿಗಳಿಗೆ ಗಣಿಯ ಸುರಂಗವೇ ಮನೆ.

ಪೋರ್ತ್‌ಕರ್ನೊ ಎಂಬ ಕೊಲ್ಲಿಯ ಮರಳಿನಲ್ಲಿ ಶೂ ಬಿಚ್ಚಿ ಕೂತೆ. 1870ರಲ್ಲಿ ಬೊಂಬಾಯಿಯಿಂದ ಏಡನ್, ಮಾಲ್ಟಾ, ಜಿಬ್ರಾಲ್ಟರ್ ಮೂಲಕ ಸಮುದ್ರದಡಿಯ ತಂತಿ ಬಂದು ದಡ ಹತ್ತಿದ್ದು ಅಲ್ಲಿ. ವಾರಗಟ್ಟಲೆ ಹಿಡಿಯುತ್ತಿದ್ದ ಸುದ್ದಿ ನಿಮಿಷಗಳಿಗೆ ಇಳಿಯಿತು. ನನ್ನ ಕಸುಬಿನ ಮುತ್ತಜ್ಜನ ಮನೆ ಎನ್ನಬಹುದು.

ಏಳನೆಯ ದಿನ ಲಿಜರ್ಡ್. ಅಲ್ಲಿ ಹುಡುಕಿದ್ದು ಚಫ್ ಎಂಬ ಹಕ್ಕಿಯನ್ನು. ಕಾಗೆಯ ಬಳಗದ್ದು, ಕಪ್ಪು ಮೈ, ಕೊಕ್ಕು ಮತ್ತು ಕಾಲು ಮಾತ್ರ ಕುಂಕುಮ ಹಚ್ಚಿದಂತೆ ಕೆಂಪು. ಕಾರ್ನ್‌ವಾಲ್‌ನ ಲಾಂಛನದಲ್ಲಿರುವ ಹಕ್ಕಿ. ಆರ್ಥರ್ ರಾಜನ ಆತ್ಮ ಅದರಲ್ಲಿ ಸೇರಿತೆಂದು ಅಲ್ಲಿನವರ ಐತಿಹ್ಯ. ದನ ಕುರಿ ಮೇಯುವುದು ನಿಂತು ಹುಲ್ಲು ಎತ್ತರ ಬೆಳೆದಾಗ ಅದಕ್ಕೆ ಹುಳು ಸಿಗದಾಯಿತು. 1973ರಲ್ಲಿ ಕೊನೆಯದೂ ಸತ್ತಿತು. ಮತ್ತೆ 2001ರಲ್ಲಿ, ಯಾರೂ ಕರೆಯದೆ, ಐರ್ಲೆಂಡ್ ಕಡೆಯಿಂದ ಕೆಲವು ಹಾರಿ ಬಂದು ಲಿಜರ್ಡ್‌ನಲ್ಲಿ ಇಳಿದವು. ಮರುವರ್ಷ ಮರಿ ಮಾಡಿದವು. 2001 ಎಂದು ಓದಿದಾಗ ನನ್ನ ಲೆಕ್ಕಕ್ಕೆ ಬಂದದ್ದು ಅಟ್ಟದ ಮೇಲಿನ ಟಿಫನ್ ಕ್ಯಾರಿಯರ್. ಸಂಜೆ ಎರಡು ಚಫ್‌ಗಳು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತ ಬಂದು, ದನ ಮೇಯ್ದ ಗಿಡ್ಡ ಹುಲ್ಲಿನಲ್ಲಿ ಕೊಕ್ಕಿನಿಂದ ಕೆದಕತೊಡಗಿದವು.

ಊರಿಗೆ ಬಂದ ಮೇಲೆ ಅಪ್ಪನಿಗೆ ಫೋಟೊ ತೋರಿಸಿದೆ. ಹಕ್ಕಿ, ಹೂವುಗಳನ್ನು ಬೇಗ ಬೇಗ ಸರಿಸಿದರು. ಲೆವಾಂಟ್‌ನ ಫೋಟೊ ಬಂದಾಗ ಬೆರಳು ನಿಂತಿತು. ಕನ್ನಡಕ ತರಿಸಿಕೊಂಡರು.

"ಸಮುದ್ರದ ಕೆಳಗಾ? ನೀರು ಹೇಗೆ ತೆಗೀತಿದ್ದರು?" ಎಂದು ಕೇಳಿದರು.

ನನಗೆ ತಿಳಿದಷ್ಟು ಹೇಳಿದೆ. ಅವರು ತಲೆಯಾಡಿಸಿ, ತಾವು ಇಳಿಯುತ್ತಿದ್ದ ಕೇಜಿನ ಬಗ್ಗೆ, ಕೆಳಗಿನ ಸೆಕೆಯ ಬಗ್ಗೆ, ಬಂಡೆ ಸಿಡಿಯುವ ಮುಂಚೆ ಬರುವ ಸದ್ದಿನ ಬಗ್ಗೆ ಹೇಳಲು ಶುರು ಮಾಡಿದರು. ಅಮ್ಮ ಎರಡು ಸಲ ಊಟಕ್ಕೆ ಕರೆದರೂ ಏಳಲಿಲ್ಲ. ನಾನು ಫೋನಿನಲ್ಲಿ ರೆಕಾರ್ಡ್ ಒತ್ತಿದೆ.