ಬಳಕೆದಾರರ ಕೊಡುಗೆಯ ತಂತ್ರಾಂಶಗಳು: ಸಂಗ್ರಹಣ ಮತ್ತು ಪೋಷಣದ ಒಂದು ಸಮೀಕ್ಷೆ

ಗಣಕಯಂತ್ರಗಳನ್ನು ನಡೆಯಿಸುವ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ವಿಂಡೋಸಿನಂತೆ ಲೋಕವ್ಯಾಪಕವಾದವು ಎರಡೋ ಮೂರೋ. ಉಳಿದವು ಅಲ್ಪಸಂಖ್ಯಾತರಾದ ಆಸಕ್ತರ ಶ್ರದ್ಧೆಯೊಂದನ್ನೇ ಆಶ್ರಯಿಸಿ ಬಾಳುತ್ತಿರುವಂಥವು. ಇಂಥ ವ್ಯವಸ್ಥೆಗಳಿಗೆಂದು ತಂತ್ರಾಂಶವನ್ನು ಸಿದ್ಧಪಡಿಸಿ ಮಾರಲು ಉದ್ಯಮಿಗಳು ಮುಂದೆ ಬಾರರಾದಕಾರಣ, ಬಳಸುವವರೇ ಅದನ್ನು ಬರೆದು, ಒಪ್ಪಗೊಳಿಸಿ, ತಮ್ಮೊಳಗೆ ಹಂಚಿಕೊಳ್ಳಬೇಕಾದ ಸನ್ನಿವೇಶ ಒದಗುತ್ತದೆ. ಹೀಗೆ ನಾನಾ ಕಡೆಗಳಿಂದ ಬಂದ ಕೊಡುಗೆಗಳನ್ನು ಪರೀಕ್ಷಿಸಿ, ಒಂದಕ್ಕೊಂದು ಹೊಂದಿಸಿ, ಕಾಲಕಾಲಕ್ಕೆ ನವೀಕರಿಸಿ ಕಾಪಾಡುವುದು ಈಗ ಒಂದು ಪ್ರತ್ಯೇಕ ವಿದ್ಯೆಯಾಗಿಯೇ ಬೆಳೆದಿದೆ. ಆ ಬೆಳವಣಿಗೆಯ ಸ್ಥೂಲ ರೂಪವನ್ನೂ, ಅದರೊಳಗೆ ಕನ್ನಡಕ್ಕೆ ದೊರೆತಿರುವ ಸ್ಥಾನವನ್ನೂ ಇಲ್ಲಿ ವಿವರಿಸಲಾಗಿದೆ.

ಆರಂಭದ ದಿನಗಳಲ್ಲಿ ಭಂಡಾರವೆಂದರೆ ಕಡತಗಳ ರಾಶಿಯೇ ಸರಿ. ಟೆಕ್ ಎಂಬ ಅಕ್ಷರಸಂಯೋಜನಾ ತಂತ್ರಾಂಶದ ಪರಿಕರಗಳಿಗಾಗಿ 1992ರಲ್ಲಿ ಏರ್ಪಟ್ಟ ಸಿಟಿಎಎನ್, ಚದುರಿಹೋಗಿದ್ದ ಕೊಡುಗೆಗಳನ್ನು ಒಂದೆಡೆ ಸೇರಿಸಿ ಮಹದುಪಕಾರ ಮಾಡಿತು. ಆದರೆ ಒಂದು ತಂತ್ರಾಂಶ ನಡೆಯಲು ಮತ್ತೊಂದು ಬೇಕು, ಅದಕ್ಕೆ ಮಗುದೊಂದರ ನಿರ್ದಿಷ್ಟ ಆವೃತ್ತಿಯೇ ಬೇಕು ಎಂಬ ಅವಲಂಬನೆಯ ಸಮಸ್ಯೆ ಬರಿಯ ಸಂಗ್ರಹದಿಂದ ಪರಿಹಾರವಾಗುವಂಥದಲ್ಲ. 1993ರ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಪ್ರಕಟಿಸಿದ ಡೆಬಿಯನ್ ಯೋಜನೆ, ತಂತ್ರಾಂಶದೊಡನೆಯೇ ಅದರ ಹೆಸರು, ಆವೃತ್ತಿ, ಅವಲಂಬನೆಗಳ ವಿವರವನ್ನೂ ಒಂದೇ ಪ್ಯಾಕೇಜಿನಲ್ಲಿ ಕಟ್ಟಿಡುವ ಪದ್ಧತಿಯನ್ನು ರೂಢಿಗೆ ತಂದಿತು. 1994ರಲ್ಲಿ ಫ್ರೀಬಿಎಸ್‌ಡಿಗಾಗಿ ಜೋರ್ಡನ್ ಹಬ್ಬರ್ಡ್ ಆರಂಭಿಸಿದ ಪೋರ್ಟ್ಸ್ ಸಂಗ್ರಹದ ಮಾರ್ಗ ಬೇರೆ: ಅಲ್ಲಿ ಶೇಖರವಾದದ್ದು ತಂತ್ರಾಂಶವಲ್ಲ, ಅದನ್ನು ಎಲ್ಲಿಂದ ತರಬೇಕು, ಯಾವ ತಿದ್ದುಪಡಿಗಳೊಡನೆ ಹೇಗೆ ಕಟ್ಟಬೇಕು ಎಂಬ ವಿಧಿಯಷ್ಟೆ. 1999ರಲ್ಲಿ ಡೆಬಿಯನ್ 2.1ರೊಡನೆ ಬಂದ ಆಪ್ಟ್, ಬೇಕಾದ ಅವಲಂಬನೆಗಳನ್ನು ತಾನೇ ಹುಡುಕಿ ತರತೊಡಗಿದ ಮೇಲೆ, ಸಾಮಾನ್ಯ ಬಳಕೆದಾರನಿಗೂ ಈ ಭಂಡಾರಗಳ ಬಾಗಿಲು ತೆರೆಯಿತು.

ಇದಾದ ಮೇಲೆ ಕೊಡುಗೆಯನ್ನು ಸ್ವೀಕರಿಸುವ ಬಗೆಯಲ್ಲಿ ಎರಡು ಸಂಪ್ರದಾಯಗಳು ನೆಲೆಗೊಂಡವು. ಡೆಬಿಯನ್ನಿನಲ್ಲಿ ಪ್ಯಾಕೇಜಿಗೊಬ್ಬ ನಿರ್ವಾಹಕನಿದ್ದು, ಅಂಗೀಕೃತ ಕೀಲಿಯ ಸಹಿಯಿಲ್ಲದ ಯಾವುದೂ ಒಳಬರಲಾರದು. ಬಂದದ್ದೂ ಕೆಲವು ದಿನ ಪರೀಕ್ಷೆಗೊಳಗಾಗಿ, ಗಂಭೀರ ದೋಷ ಕಾಣದಿದ್ದರೆ ಮಾತ್ರ ಮುಂದಿನ ಹಂತಕ್ಕೆ ಏರತಕ್ಕದ್ದು. ಆರ್ಚ್ ಲಿನಕ್ಸಿನವರು 2005ರಲ್ಲಿ ತೆರೆದ ಎಯುಆರ್ ಭಂಡಾರದಲ್ಲಾದರೋ ನೋಂದಾಯಿಸಿಕೊಂಡ ಯಾರು ಬೇಕಾದರೂ ಕಟ್ಟುವ ವಿಧಿಯನ್ನು ಸೇರಿಸಬಹುದು. ಅದನ್ನು ಓದಿನೋಡಿ ನಂಬುವ ಹೊಣೆ ಬಳಸುವವನದು. ಮೊದಲನೆಯದರಲ್ಲಿ ವಿಳಂಬವುಂಟು, ಎರಡನೆಯದರಲ್ಲಿ ಅಪಾಯವುಂಟು. ಬಿಓಎಸ್ ವ್ಯವಸ್ಥೆಯ ಒಡೆತನ 2001ರಲ್ಲಿ ಪಾಮ್ ಕಂಪನಿಗೆ ಸೇರಿದಾಗ ಅದರ ಅಭಿಮಾನಿಗಳು ಪುನರ್ನಿರ್ಮಾಣಕ್ಕೆ ತೊಡಗಿದ ಹೈಕು, 2013ರಲ್ಲಿ ಪ್ಯಾಕೇಜ್ ಪದ್ಧತಿಯನ್ನು ಅಳವಡಿಸಿಕೊಂಡಾಗ ಒಂದು ಹೊಸ ಉಪಾಯವನ್ನು ಹೂಡಿತು. ಅಲ್ಲಿ ಪ್ಯಾಕೇಜನ್ನು ಬಿಚ್ಚಿ ಹರಡುವುದಿಲ್ಲ. ನಿಗದಿಯಾದ ಕಡತಕೋಶದಲ್ಲಿ ಇಟ್ಟೊಡನೆ ಅದರ ಒಳಗಿನದೆಲ್ಲ ವ್ಯವಸ್ಥೆಯ ಅಂಗವಾಗಿ ಕಾಣಿಸಿಕೊಳ್ಳುತ್ತದೆ, ತೆಗೆದೊಡನೆ ಕುರುಹಿಲ್ಲದೆ ಮಾಯವಾಗುತ್ತದೆ. ಹೊಸ ಪ್ಯಾಕೇಜಿನಿಂದ ಕೆಡುಕಾದರೆ, ಯಂತ್ರವನ್ನು ಮತ್ತೆ ಚಾಲೂ ಮಾಡುವಾಗ ಹಿಂದಿನ ಸ್ಥಿತಿಯನ್ನೇ ಆರಿಸಿಕೊಳ್ಳಬಹುದು.

ಕನ್ನಡದ ವಿಷಯಕ್ಕೆ ಬಂದರೆ, ಇಲ್ಲಿ ಅಲ್ಪಸಂಖ್ಯೆಯ ತೊಡಕು ಇಮ್ಮಡಿಯಾದದ್ದು: ವ್ಯವಸ್ಥೆಯೂ ಅಲ್ಪಸಂಖ್ಯಾತರದು, ಅದರೊಳಗೆ ಭಾಷೆಯೂ ಅಲ್ಪಸಂಖ್ಯಾತರದು. ನಾಡಿನ ಗಣಕ ಬಳಕೆ ಬರಹ, ನುಡಿ ಮುಂತಾದ ವಿಂಡೋಸ್ ತಂತ್ರಾಂಶಗಳ ಮೇಲೆ ನಿಂತಿದ್ದಾಗಲೇ, ಡೆಬಿಯನ್ ಭಂಡಾರದಲ್ಲಿ ಕೇದಗೆ ಮತ್ತು ಮಲ್ಲಿಗೆ ಎಂಬ ಮುಕ್ತ ಯೂನಿಕೋಡ್ ಫಾಂಟುಗಳು ಸೇರಿದ್ದವು. ಅನಂತರ ಅರವಿಂದ ವಿ.ಕೆ. ಅವರ ಗುಬ್ಬಿಯೂ, ಕೈಬರಹದ ಮಾದರಿಯ ನವಿಲೂ ಬಂದವು. ಕೆ.ಪಿ. ರಾವ್ ಅವರು ರೂಪಿಸಿ ಕನ್ನಡ ಗಣಕ ಪರಿಷತ್ತಿನ ಮೂಲಕ ಮನೆಮಾತಾದ ಕೀಲಿಮಣೆ ವಿನ್ಯಾಸ, ಜಪಾನಿನಲ್ಲಿ ಹುಟ್ಟಿದ ಎಂ17ಎನ್ ಎಂಬ ಬಹುಭಾಷಾ ಸಂಗ್ರಹಕ್ಕೆ ಒಂದು ಪುಟ್ಟ ಕಡತವಾಗಿ ಸೇರಿ, ಅಲ್ಲಿಂದ ಬಹುತೇಕ ಎಲ್ಲ ಲಿನಕ್ಸ್ ವ್ಯವಸ್ಥೆಗಳಿಗೂ ತಲಪಿತು.

ಇವೆಲ್ಲ ಹೇಗೆ ಕೂಡಿ ಕೆಲಸ ಮಾಡುತ್ತವೆಂಬುದಕ್ಕೆ ಒಂದು ನಿದರ್ಶನ ಸಾಕು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ಕಾಲದಲ್ಲಿ ಮಾಲತೇಶನ ಸನ್ನಿಧಿಯ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ವಾಣಿಯನ್ನು ಡೆಬಿಯನ್ ಗಣಕದಲ್ಲಿ ಒಬ್ಬನು ಬರೆದಿಡಬೇಕೆಂದಿರಲಿ. ಆ ವಾಣಿಯ ಹೆಸರಾದ ‘ಕಾರ್ಣಿಕ’ ಎಂಬ ಶಬ್ದಕ್ಕೆ ಅವನು ಒತ್ತುವ ಕೀಲಿಗಳು ಏಳು: ಕೆ, ಶಿಫ್ಟ್ ಸಹಿತ ಎ, ಆರ್, ಅರ್ಧಾಕ್ಷರಕ್ಕಾಗಿ ಎಫ್, ಶಿಫ್ಟ್ ಸಹಿತ ಎನ್, ಐ, ಕಡೆಗೆ ಮತ್ತೆ ಕೆ. ಇವನ್ನು ಕನ್ನಡದ ಸಂಕೇತಗಳಾಗಿಸುವುದು ಎಂ17ಎನ್ ಕಡತ. ಅದನ್ನು ಬರವಣಿಗೆಯ ತಂತ್ರಾಂಶಕ್ಕೆ ಮುಟ್ಟಿಸುವುದು ಐಬಸ್. ಮೊದಲು ಒತ್ತಿದ ರಕಾರವನ್ನು ಣಿಕಾರದ ಬಲಕ್ಕೆ ಅರ್ಕಾವೊತ್ತಾಗಿ ಸರಿಸುವುದು ಹಾರ್ಫ್‌ಬಜ್. ಆ ಅರ್ಕಾವೊತ್ತಿನ ಆಕೃತಿಯನ್ನು ಒದಗಿಸುವುದು ಗುಬ್ಬಿ. ಪರಸ್ಪರ ಮುಖಪರಿಚಯವೂ ಇಲ್ಲದ ಹಲವರು ಬೇರೆಬೇರೆಯಾಗಿ ನೋಡಿಕೊಳ್ಳುವ ಈ ನಾಲ್ಕರಲ್ಲಿ ಒಂದು ಹಳೆಯದಾಗಿ ಉಳಿದರೂ ಸಾಕು, ಶಬ್ದ ಪರದೆಯ ಮೇಲೆ ಒಡೆದು ಕಾಣುತ್ತದೆ.

ಆದುದರಿಂದ ಈ ಕ್ಷೇತ್ರದ ಕೊರತೆ ಕೊಡುಗೆಯದಲ್ಲ, ಪೋಷಣೆಯದು. ಸಂಭವಿಸಿದ ಅನರ್ಥಗಳೆಲ್ಲ ಇದನ್ನೇ ಸಾರುತ್ತವೆ. 2006ರಲ್ಲಿ ಡೆಬಿಯನ್ನಿನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ ಸದುದ್ದೇಶದಿಂದಲೇ ಮಾಡಿದ ಒಂದು ತಿದ್ದುಪಡಿಯಿಂದ, ಊಹಾತೀತವಾಗಿರಬೇಕಾದ ಗುಪ್ತ ಕೀಲಿಗಳು ಒಂದೊಂದು ಬಗೆಯಲ್ಲಿ 32,768ಕ್ಕೆ ಸೀಮಿತವಾದವು. ಅದು ಬೆಳಕಿಗೆ ಬಂದದ್ದು 2008ರ ಮೇ ತಿಂಗಳಲ್ಲಿ. 2018ರಲ್ಲಿ ಎಯುಆರ್ ಭಂಡಾರದೊಳಗೆ ನಿರ್ವಾಹಕನಿಲ್ಲದೆ ಅನಾಥವಾಗಿದ್ದ ಒಂದು ಪ್ಯಾಕೇಜನ್ನು ಅಪರಿಚಿತನೊಬ್ಬ ವಹಿಸಿಕೊಂಡು ಅದರಲ್ಲಿ ದುಷ್ಟಸಂಕೇತವನ್ನು ಸೇರಿಸಿದ. 2024ರ ಮಾರ್ಚಿನಲ್ಲಿ ಪತ್ತೆಯಾದ, ಎಕ್ಸ್‌ಜಡ್ ಎಂಬ ತಂತ್ರಾಂಶದ ಪ್ರಕರಣವಂತೂ ಇನ್ನೂ ಘೋರ: ಒಂಟಿಯಾಗಿ ದುಡಿದು ದಣಿದಿದ್ದ ನಿರ್ವಾಹಕನಿಗೆ ಎರಡು ವರ್ಷಗಳಿಗೂ ಮಿಗಿಲಾಗಿ ನೆರವಾಗುತ್ತ ವಿಶ್ವಾಸ ಗಳಿಸಿದ ವ್ಯಕ್ತಿಯೇ ಅದರಲ್ಲಿ ಕಳ್ಳದಾರಿಯನ್ನು ಅಡಗಿಸಿದ್ದ. ದೂರದ ಯಂತ್ರದೊಳಕ್ಕೆ ಪ್ರವೇಶ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದನ್ನು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಅವರ ಸೂಕ್ಷ್ಮದೃಷ್ಟಿಯಿಂದ ಅದು ಬಯಲಾಯಿತು.

ಇದಕ್ಕೆ ಪ್ರತೀಕಾರವಾಗಿ ಯಂತ್ರಸಾಧ್ಯವಾದ ಉಪಾಯಗಳು ಬೆಳೆಯುತ್ತಿವೆ: ಅದೇ ಸೋರ್ಸ್ ಕೋಡಿನಿಂದ ಯಾರು ಕಟ್ಟಿದರೂ ಅಕ್ಷರಶಃ ಅದೇ ಪ್ಯಾಕೇಜು ಬರುವಂತೆ ಮಾಡಿ, ನಡುವೆ ನಡೆದ ಕೈವಾಡವನ್ನು ಹೊರಗೆಡಹುವ ಪ್ರಯತ್ನ ಅವುಗಳಲ್ಲಿ ಮುಖ್ಯವಾದುದು. ಆದರೆ ದಣಿದವನಿಗೆ ಜೊತೆಗಾರನನ್ನು ಒದಗಿಸುವ ಯಂತ್ರ ಯಾವುದೂ ಇಲ್ಲ. ಕನ್ನಡದ ಪ್ಯಾಕೇಜುಗಳನ್ನು ಕೆಲವೇ ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ ಕಾಯುತ್ತಿರುವಾಗ, ಹೊಸ ಫಾಂಟೊಂದನ್ನು ಬಿಡುಗಡೆ ಮಾಡುವ ಉತ್ಸಾಹಕ್ಕಿಂತ ಇರುವ ಪ್ರತಿಯೊಂದಕ್ಕೂ ಎರಡನೆಯ ನಿರ್ವಾಹಕನನ್ನು ಗೊತ್ತುಮಾಡುವ ವಿವೇಕವೇ ಹೆಚ್ಚು ಫಲಕಾರಿ. ದೇವರಗುಡ್ಡವಿರುವ ಹಾವೇರಿ ಜಿಲ್ಲೆಯಲ್ಲಿಯೇ, ಗೊಟಗೋಡಿಯಲ್ಲಿ, 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವುಂಟು. ಜನವಾಣಿಯನ್ನು ಸಂಗ್ರಹಿಸುವ ಇಂಥ ಸಂಸ್ಥೆಗಳು, ಆ ಸಂಗ್ರಹ ಮುಂದೆಯೂ ಓದಲು ಬರಬೇಕಾದರೆ ಫಾಂಟು, ಕೀಲಿಮಣೆಗಳ ಪೋಷಣೆಯೂ ತಮ್ಮದೇ ಕಾರ್ಯದ ಭಾಗವೆಂದು ಬಗೆದು, ಒಂದೆರಡು ಪ್ಯಾಕೇಜುಗಳ ಹೊಣೆಯನ್ನು ಹೊರುವುದು ಯುಕ್ತ. ಅದಕ್ಕೆ ಬೇಕಾದುದು ದೊಡ್ಡ ಅನುದಾನವಲ್ಲ; ಆವೃತ್ತಿ ಬದಲಾದಾಗಲೆಲ್ಲ ಪರೀಕ್ಷಿಸಿ ತಿದ್ದುವ ಇಬ್ಬರು, ಮತ್ತು ಅವರ ಆ ದುಡಿಮೆಯನ್ನು ಪಾಂಡಿತ್ಯದ ಕೆಲಸವೆಂದೇ ಲೆಕ್ಕಕ್ಕೆ ಹಿಡಿಯುವ ಒಂದು ನಿಯಮ.