ಲಾರಿಯ ಸೆಲ್ಫ್ ಮತ್ತು ತಂತಿ ಕಟ್ಟಿದ ಬಲ್ಬು

ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್, ಅಂದರೆ ಗ್ಯಾರೇಜಿನ ಮಾತಿನಲ್ಲಿ ‘ಸೆಲ್ಫ್’, 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ, ಹಿಂದಕ್ಕೆ ಒದ್ದು ಕೈಮೂಳೆ ಮುರಿಯುತ್ತಿದ್ದ, ಎಂಜಿನ್ ತಿರುಗಿಸುವ ಹ್ಯಾಂಡಲಿನ ಕಾಟ ಕ್ರಮೇಣ ತಪ್ಪಿತಾದರೂ, ದೋಷವನ್ನು ತಂತಿಯ ಜಾಡಿನಲ್ಲಿ ಹುಡುಕುವ ಹೊಸ ಕಸುಬೊಂದು ಹುಟ್ಟಿತು. 1954ರಿಂದ ಡೈಮ್ಲರ್-ಬೆಂಜ್ ಸಹಯೋಗದಲ್ಲಿ ಭಾರತದಲ್ಲೇ ತಯಾರಾದ ಟಾಟಾ ಲಾರಿಗಳಂಥ ಡೀಸೆಲ್ ವಾಹನಗಳಿಗೆ ಕಿಡಿ ಬೇಕಿರಲಿಲ್ಲ. ಗಾಳಿಯನ್ನು ಅದುಮಿದಾಗ ಹುಟ್ಟುವ ಶಾಖವೇ ಇಂಧನವನ್ನು ಹೊತ್ತಿಸುತ್ತದೆ. ಹೀಗಾಗಿ ಹುಡುಕಾಟ ಬಹುಮಟ್ಟಿಗೆ ಬ್ಯಾಟರಿ, ಸೆಲ್ಫ್ ಮತ್ತು ಅರ್ಥ್‌ಗೆ, ಎಂದರೆ ವಿದ್ಯುತ್ತು ಚಾಸಿಯ ಮೂಲಕ ಹಿಂದಿರುಗುವ ದಾರಿಗೆ, ಸೀಮಿತವಾಯಿತು. ಎರಡು ತಂತಿ ಕಟ್ಟಿದ ಬಲ್ಬು ಈ ಹುಡುಕಾಟದ ಮುಖ್ಯ ಸಾಧನ. ಆದರೆ ಅದರ ಬೆಳಕನ್ನಷ್ಟೇ ನಂಬುವುದು ತಪ್ಪು, ಏಕೆಂದರೆ ಬಲ್ಬನ್ನು ಉರಿಸುವಷ್ಟು ವಿದ್ಯುತ್ತನ್ನು ಬಿಡುವ ತುಕ್ಕು ಹಿಡಿದ ಬ್ಯಾಟರಿ ಟರ್ಮಿನಲ್, ಸೆಲ್ಫ್ ಬೇಡುವ ನೂರಾರು ಆಂಪಿಯರನ್ನು ತಡೆದುಬಿಡುತ್ತದೆ. ಅನುಭವಿಯ ಬೆರಳು ಮೊದಲು ಹೋಗುವುದು ಆ ಟರ್ಮಿನಲ್ಲಿನ ಮೇಲೆ ಕಟ್ಟಿದ ಹಸಿರುಬಿಳಿ ಪುಡಿಯತ್ತಲೇ.