ಬಿಟ್ಟುಹೋದ ಒಂದು ಸಾಲು

ಹ್ಯಾಲೋವೀನ್ ಹೊತ್ತಿಗೆ ಅಮೆರಿಕದವರು ಮತ್ತೆ ಮತ್ತೆ ನೋಡುವ ಭಯಾನಕ ಚಿತ್ರಗಳಲ್ಲಿ ನನಗೆ ಅಚ್ಚುಮೆಚ್ಚಿನದು ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ಜಾರ್ಜ್ ರೊಮೆರೊ ಮತ್ತು ಗೆಳೆಯರು ಪಿಟ್ಸ್‌ಬರ್ಗ್ ಆಸುಪಾಸಿನಲ್ಲಿ ಸುಮಾರು 1,14,000 ಡಾಲರ್ ಹೊಂದಿಸಿಕೊಂಡು ತೆಗೆದ ಈ ಕಪ್ಪು-ಬಿಳುಪು ಚಿತ್ರ 1968ರಲ್ಲಿ ತೆರೆಕಂಡಿತು. ಹೊರಗೆ ಎದ್ದು ನಡೆಯುವ ಹೆಣಗಳು, ಒಳಗೆ ಒಂಟಿ ಮನೆಯಲ್ಲಿ ಸಿಕ್ಕಿಬಿದ್ದ ಏಳು ಜನ. ಕಪ್ಪು ನಟ ಡ್ಯುವೇನ್ ಜೋನ್ಸ್ ನಾಯಕ. ರಾತ್ರಿಯಿಡೀ ಹೆಣಗಳಿಂದ ಪಾರಾದ ಅವನನ್ನು ಬೆಳಗ್ಗೆ ಹೆಣವೆಂದುಕೊಂಡು ಕೊಲ್ಲುವವರು ಬದುಕಿರುವ ಮನುಷ್ಯರೇ.

ಚಿತ್ರಕ್ಕೆ ಬಿದ್ದ ಪೆಟ್ಟೂ ಹೊರಗಿನ ದೆವ್ವದ್ದಲ್ಲ. ಮೊದಲಿಟ್ಟ ಹೆಸರು ‘ನೈಟ್ ಆಫ್ ದಿ ಫ್ಲೆಶ್ ಈಟರ್ಸ್’. ವಿತರಕರು ಹೆಸರು ಬದಲಿಸಿದಾಗ ಅದರ ಜೊತೆಗಿದ್ದ ಕಾಪಿರೈಟ್ ಸಾಲೂ ಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಸಾಲಿಲ್ಲದೆ ಹಕ್ಕಿಲ್ಲ. ಯಾರು ಬೇಕಾದರೂ ಪ್ರತಿ ತೆಗೆದರು, ಮಾರಿದರು, ಟೀವಿಯಲ್ಲಿ ತೋರಿಸಿದರು; ರೊಮೆರೊ ತಂಡದ ಕೈಸೇರಬೇಕಾದ ದುಡ್ಡು ಕೈತಪ್ಪಿತು.

ಬಿಡುಗಡೆಗೆ ಮುಂಚೆ ಚೆಕ್‌ಲಿಸ್ಟ್ ಹಿಡಿದು ಕೂರುವುದೇ ಕಸುಬಾದ ನನಗೆ ಹೆಣಗಳಿಗಿಂತ ಆ ಟೈಟಲ್ ಕಾರ್ಡ್ ನೋಡಿದರೇ ಹೆಚ್ಚು ನಡುಕ. ಆದರೆ ಬಿಟ್ಟಿ ಸಿಕ್ಕಿದ್ದರಿಂದಲೇ ಅದು ಮನೆಮನೆ ತಲುಪಿತು. 1999ರಲ್ಲಿ ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿ ಸೇರಿತು. ಮಾಡಿದವರು ಸೋತರು, ಚಿತ್ರ ಉಳಿಯಿತು.